ಕಿವಿಯೊಂದೇ ಸಾಲದು, ಮೀಟರೂ ಬೇಕು

ಹುಣಸಮಾರನಹಳ್ಳಿಯ ನಮ್ಮ ಮನೆಯಲ್ಲಿ ಮೊಮ್ಮಗನ ಗಿಟಾರ್ ಆಂಪ್ಲಿಫೈಯರ್ ಮೂಕವಾಗಿ ಕುಳಿತಿದೆ. ಹೊಸ ಪವರ್ ವಾಲ್ವ್ ಹಾಕಿದ ರಿಪೇರಿಯವರು, "ಬಯಾಸ್ ಅಳೆಯುವುದೇನು, ಕಿವಿಗೆ ಹಿತವಾದರೆ ಸಾಕು" ಎಂದರಂತೆ. ತಿಂಗಳೊಳಗೆ ವಾಲ್ವಿನ ಪ್ಲೇಟು ಕೆಂಡದಂತೆ ಕೆಂಪೇರಿ ಹಾಳಾಯಿತು.

ಈ ಉಡಾಫೆಯನ್ನು ನಾನು ಒಪ್ಪಲಾರೆ. ಗಿಟಾರ್ ಮೌನವಾಗಿದ್ದಾಗಲೂ ವಾಲ್ವಿನಲ್ಲಿ ಹರಿಯುವ ಕರೆಂಟನ್ನು ನಿಗದಿಪಡಿಸುವುದೇ ಬಯಾಸ್. ಇಎಲ್34 ವಾಲ್ವಿನ ಪ್ಲೇಟು ತಾಳುವ ಗರಿಷ್ಠ ಮಿತಿ 25 ವಾಟ್. ಮೌನದಲ್ಲಿ ಅದರ ಶೇ. 70, ಅಂದರೆ 17.5 ವಾಟ್ ದಾಟದಿರಲಿ ಎಂಬುದು ಅನುಭವಿಗಳ ರೂಢಿ. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ ಕರೆಂಟು ಸುಮಾರು 39 ಮಿಲಿಆಂಪಿಯರ್. 350 ಇದ್ದರೆ 50. ನಾನು ಐದನೆಯ ತರಗತಿಗೆ ಕಲಿಸುತ್ತಿದ್ದ ಭಾಗಾಕಾರವಿದು. ಕಿವಿ ಇದನ್ನು ಮಾಡಲಾರದು.

ನಾದದ ರುಚಿ ಕಿವಿಗೇ ಸೇರಿದ್ದು, ನಿಜ. ಆದರೆ ಆ ಆಯ್ಕೆ ಮಿತಿಯೊಳಗೇ ನಡೆಯಬೇಕು. ನಮ್ಮ ಉತ್ತರ ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಒಂದು ಕಾಲಕ್ಕೆ ಇಎಲ್84ರಂಥ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಇಂದು ಅವು ಹಳೆಯ ದಾಸ್ತಾನಿನಲ್ಲಷ್ಟೇ ಸಿಕ್ಕಾವು. ಸುಟ್ಟದ್ದು ಮರಳಿ ಬಾರದು.

ಒಳಗಿನ ಕೆಪಾಸಿಟರು ಸ್ವಿಚ್ ಆರಿಸಿದ ಮೇಲೂ ಜೀವ ತೆಗೆಯಬಲ್ಲದು, ತಿಳಿಯದವರು ಕೈಹಾಕಬೇಡಿ. ರಿಪೇರಿಯವರನ್ನು ಇಷ್ಟು ಕೇಳಿ: "ಪ್ಲೇಟಿನ ವೋಲ್ಟೇಜ್ ಎಷ್ಟು? ಕರೆಂಟು ಎಷ್ಟು?" ಈ ಎರಡು ಅಂಕಿ ಹೇಳಲಾಗದವರಿಗೆ ಮಜೂರಿ ಕೊಡುವುದು ಬೇಡ.