ಬೇಳೆ ಬೇಯದ ನೀರು ತೋರಿಸಿದ ದಾರಿ

ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ಅರಕಲಗೂಡು ತಾಲ್ಲೂಕಿನ ನಮ್ಮ ಮನೆಯಲ್ಲಿ ಅಜ್ಜಿ ಸಾರಿಗೆಂದೇ ಹೊಲದ ಹಳೇ ಬಾವಿಯಿಂದ ಒಂದು ಬಿಂದಿಗೆ ನೀರು ತರಿಸಿಡುತ್ತಿದ್ದಳು. ‘ಅದು ನೀರಿನ ಗುಣ’ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಯಾವ ಗುಣ ಎಂದು ಯಾರೂ ಕೇಳಿರಲಿಲ್ಲ. ಬಿ.ಎಸ್ಸಿ. ಎರಡನೇ ವರ್ಷದವರೆಗೆ ನಾನೂ ಕೇಳಿರಲಿಲ್ಲ.

ಹಾಸನದ ನಮ್ಮ ಕಾಲೇಜಿಗೆ ಹೊಳೆನರಸೀಪುರದವರು ರೈಲಿನಲ್ಲಿ, ಚನ್ನರಾಯಪಟ್ಟಣದವರು ಮತ್ತು ನಾವು ಬಸ್ಸಿನಲ್ಲಿ ಬರುತ್ತಿದ್ದೆವು. ಒಂದು ದಿನ ರಸಾಯನಶಾಸ್ತ್ರದ ಮೇಡಂ, ‘ನಾಳೆ ಪ್ರಾಕ್ಟಿಕಲ್‌ಗೆ ಎಲ್ಲರೂ ನಿಮ್ಮ ನಿಮ್ಮ ಮನೆ ನೀರು ತನ್ನಿ’ ಎಂದರು. ಮರುದಿನ ಮೇಜಿನ ಮೇಲೆ ಹೇಮಾವತಿಯ ನೀರು, ತೆಂಗಿನ ತೋಟದ ಬೋರ್‌ವೆಲ್ ನೀರು, ನಮ್ಮೂರ ನೀರು ಎಲ್ಲವೂ ಸಾಲಾಗಿ ನಿಂತವು. ಬ್ಯೂರೆಟ್‌ನಿಂದ ಇಡಿಟಿಎ ದ್ರಾವಣ ಹನಿಹನಿಯಾಗಿ ಬಿಟ್ಟೆವು. ನದಿ ನೀರು ಬೇಗನೆ ಕೆಂಪಿನಿಂದ ನೀಲಿಗೆ ತಿರುಗಿತು. ನಮ್ಮೂರಿನ ನೀರು ಮಾತ್ರ ಎಷ್ಟು ಬಿಟ್ಟರೂ ಕೆಂಪಾಗೇ ಇತ್ತು. ನೀರಿನ ಕ್ಯಾಲ್ಸಿಯಂ ಬೇಳೆಯ ಕೋಶಭಿತ್ತಿಯಲ್ಲಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿಯಾಗಿಸುತ್ತದೆ, ಅದಕ್ಕೇ ಬೇಳೆ ಬೇಯುವುದಿಲ್ಲ ಎಂದು ಮೇಡಂ ವಿವರಿಸಿದರು. ಅಡುಗೆಮನೆಯ ಕಥೆಯೊಂದು ಪಠ್ಯಪುಸ್ತಕದೊಳಗೆ ಬಂದು ಕೂತಂತಾಯಿತು.

ನಾನು ಹಳೇ ಬಾವಿಯ ವಿಷಯ ಹೇಳಿದೆ. ಮೇಡಂ ನಗಲಿಲ್ಲ. ‘ಬಾವಿ ಪಕ್ಕ ಏನು ಬೆಳೀತೀರಿ?’ ಎಂದು ಕೇಳಿದರು. ಆಲೂಗಡ್ಡೆ, ಒಮ್ಮೊಮ್ಮೆ ಹೊಗೆಸೊಪ್ಪು ಎಂದೆ. ‘ಬೇಳೆ ಬೆಂದ ಮಾತ್ರಕ್ಕೆ ನೀರು ಒಳ್ಳೆಯದು ಅಂತಲ್ಲ. ಹಾಕಿದ ಗೊಬ್ಬರದ ನೈಟ್ರೇಟ್ ಮಳೆಯೊಂದಿಗೆ ಬಾವಿಗೆ ಇಳಿದಿರಬಹುದು. ಮುಂದಿನ ವರ್ಷ ಅದನ್ನೂ ನೋಡೋಣ’ ಎಂದರು.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಮೀರಿದರೆ ಹೆಚ್ಚು ಅಪಾಯ ಹಸುಗೂಸುಗಳಿಗೆ. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ, ಹಿಮೋಗ್ಲೋಬಿನ್‌ನ ಕಬ್ಬಿಣದ ರೂಪವನ್ನೇ ಬದಲಿಸುತ್ತದೆ. ಆಗ ರಕ್ತ ಆಮ್ಲಜನಕ ಹೊರಲಾರದು, ಮಗು ನೀಲಿಗಟ್ಟುತ್ತದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಪರಿಸರ ಜೀವರಸಾಯನಶಾಸ್ತ್ರ ಅಂದರೆ ಇದೇ. ಹೊಲಕ್ಕೆ ಸುರಿದದ್ದು, ಕಾರ್ಖಾನೆ ಬಿಟ್ಟದ್ದು ಮಣ್ಣು ಮತ್ತು ನೀರಿನ ದಾರಿಯಲ್ಲಿ ಬಂದು ಜೀವಕೋಶದೊಳಗೆ ಏನು ಮಾಡುತ್ತದೆ ಎಂಬ ಲೆಕ್ಕ. ಆಲೂಗಡ್ಡೆಯ ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್ ಏನಾಗಿ ಒಡೆಯುತ್ತದೆ, ಕೀಟನಾಶಕ ಸಿಂಪಡಿಸಿದವರ ನರಗಳ ಕಿಣ್ವಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗಳೂ ಇದರೊಳಗೇ ಬರುತ್ತವೆ. ಇಷ್ಟು ಕೆಲಸ ನಮ್ಮ ಹೊಲದ ಬದುವಿನಲ್ಲೇ ಬಿದ್ದಿದೆ.

ಆದರೆ ‘ಮುಂದಿನ ವರ್ಷ’ ಬರಲಿಲ್ಲ. ಮೇಡಂ ಅತಿಥಿ ಉಪನ್ಯಾಸಕಿ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಹೋರಾಟದ ನಂತರ, 2022ರ ಜನವರಿಯಲ್ಲಿ ಗೌರವಧನ ಏರಿತು, ಜೊತೆಗೆ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು. ಇಬ್ಬರಿಗೆ ಹಂಚಿದ್ದ ಪಾಠ ಒಬ್ಬರಿಗೇ ಸಾಕಾಯಿತು. ನಮ್ಮ ಮೇಡಂ ಹೊರಗುಳಿದರು. ಅಂತಿಮ ವರ್ಷದ ಅರ್ಧ ಪ್ರಾಕ್ಟಿಕಲ್‌ಗಳನ್ನು ನಾವು ರೆಕಾರ್ಡ್ ಪುಸ್ತಕದಲ್ಲಿ ನಕಲು ಮಾಡಿಕೊಂಡೇ ಮುಗಿಸಿದೆವು. ಬಾವಿಯ ನೀರು ಹಾಗೇ ಉಳಿಯಿತು. ಮನೆಯವರು ಅದನ್ನು ಕುಡಿಯುತ್ತಲೇ ಇದ್ದರು.

ಎಂ.ಎಸ್ಸಿ. ಜೀವರಸಾಯನಶಾಸ್ತ್ರಕ್ಕೆ ಮೈಸೂರಿಗೆ ಹೊರಟಾಗ ಚಿಕ್ಕಪ್ಪ, ‘ಓದಿ ಏನ್ ಆಗ್ತೀಯವ್ವಾ? ಬಿ.ಇಡಿ. ಮಾಡ್ಕೊಂಡ್ರೆ ಟೀಚರ್ ಕೆಲ್ಸನಾದ್ರೂ ಸಿಗ್ತದೆ’ ಎಂದರು. ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ಅಷ್ಟಿಷ್ಟು ಇದೆ. ನನ್ನಂತೆ ಬಸ್ಸಿನಲ್ಲಿ ಓಡಾಡುವ ತಮ್ಮ ತಂಗಿಯರಿಗಾಗಿ ಬರೆಯುತ್ತಿದ್ದೇನೆ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಆಗಾಗ ವೈಜ್ಞಾನಿಕ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ. ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯಗಳಿವೆ. ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಣ ಘಟಕಗಳಿಗೆ, ಡೇರಿ ಮತ್ತು ಆಹಾರ ಪರೀಕ್ಷೆಯ ಲ್ಯಾಬ್‌ಗಳಿಗೆ ಕೆಮಿಸ್ಟ್‌ಗಳು ಬೇಕು. ಪಾಠ ಹೇಳಬೇಕೆಂದರೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಮೀಸಲು ವರ್ಗಗಳಿಗೆ ಶೇ 50, ಜೊತೆಗೆ ನೆಟ್ ಅಥವಾ ಕೆ-ಸೆಟ್ ಬೇಕು. ರಸಾಯನಶಾಸ್ತ್ರದವರು ಸಿಎಸ್‌ಐಆರ್ ನೆಟ್‌ನ ರಾಸಾಯನಿಕ ವಿಜ್ಞಾನ ಪತ್ರಿಕೆ ಬರೆಯುತ್ತಾರೆ. ಜೀವರಸಾಯನಶಾಸ್ತ್ರಕ್ಕೆ ಅಲ್ಲಿ ಬೇರೆ ಪತ್ರಿಕೆ ಇಲ್ಲ, ಜೀವ ವಿಜ್ಞಾನವನ್ನೇ ಬರೆಯಬೇಕು. ಪರಿಸರ ವಿಜ್ಞಾನದ ಪತ್ರಿಕೆ ಯುಜಿಸಿ ನೆಟ್‌ನಲ್ಲಿದೆ. ಇದು ಗೊತ್ತಿಲ್ಲದೆ ನಾನೇ ಒಂದು ಸಲ ತಪ್ಪು ಪಠ್ಯಕ್ರಮ ಹಿಡಿದು ಆರು ತಿಂಗಳು ಕಳೆದಿದ್ದೇನೆ. ಜೆಆರ್‌ಎಫ್ ಸಿಕ್ಕರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಮನೆಯವರ ಮುಂದೆ ಕೈ ಚಾಚದೆ ಪಿಎಚ್.ಡಿ. ಮಾಡಲು ಅದು ಸಾಕು.

ದಾರಿಗಳೇನೋ ಇವೆ. ಆದರೆ ಅವುಗಳ ಬಾಗಿಲಿನಲ್ಲಿ ನಿಂತು ಕೈಹಿಡಿಯುವ ಮೇಷ್ಟ್ರು ಇರಬೇಕಲ್ಲ? ನೀರು ಪರೀಕ್ಷಿಸುವವರನ್ನು ತಯಾರು ಮಾಡುವುದು ಪದವಿ ಕಾಲೇಜಿನ ಪ್ರಯೋಗಾಲಯ. ಅಲ್ಲಿ ಕಲಿಸುವವರ ನೌಕರಿಯೇ ಮುಂದಿನ ಜೂನ್‌ವರೆಗೆ ಇರುತ್ತದೋ ಇಲ್ಲವೋ ಎಂದಿದ್ದರೆ, ‘ಮುಂದಿನ ವರ್ಷ ನೋಡೋಣ’ ಎಂದು ಅವರು ಯಾವ ಧೈರ್ಯದ ಮೇಲೆ ಹೇಳಬೇಕು? ನಮ್ಮ ಮೇಡಂಗೆ ಓದಿನ ಕೊರತೆ ಇರಲಿಲ್ಲ, ಹುದ್ದೆಯ ಕೊರತೆ ಇತ್ತು.

ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ನೆರಳಿನಿಂದ ಹೊರಬಂದು 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾದಾಗ ನಾವೆಲ್ಲ ಖುಷಿಪಟ್ಟಿದ್ದೆವು. ಎರಡೇ ವರ್ಷದಲ್ಲಿ, ಹಣವಿಲ್ಲವೆಂದು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಚರ್ಚೆ ಸಂಪುಟ ಉಪಸಮಿತಿಯಲ್ಲಿ ನಡೆಯಿತು. ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಬೋರ್ಡು ಉಳಿದರಷ್ಟೇ ಸಾಲದು ಎಂಬುದು ನಿಜ. ಕಾಯಂ ಪ್ರಾಧ್ಯಾಪಕರಿಲ್ಲದ, ಲ್ಯಾಬ್ ಇಲ್ಲದ ವಿಶ್ವವಿದ್ಯಾಲಯ ಪರೀಕ್ಷೆ ನಡೆಸುವ ಕಚೇರಿಯಾದೀತು. ಆದರೆ ಮೈಸೂರಿನ ಹಾಸ್ಟೆಲ್‌ಗೆ ಮಗಳನ್ನು ಕಳಿಸಲಾಗದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆ ಎಂದು ತಿಳಿಯಲು ಬೆಳಿಗ್ಗೆ ಏಳೂವರೆಯ ಬಸ್ ಹತ್ತಿದರೆ ಸಾಕು. ಸರ್ಕಾರ ಖಾಲಿ ಹುದ್ದೆಗಳನ್ನು ತುಂಬಲಿ. ಪ್ರತಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗ ವರ್ಷಕ್ಕೆರಡು ಸಲ ಸುತ್ತಲಿನ ಹಳ್ಳಿಗಳ ನೀರು ಪರೀಕ್ಷಿಸಿ ಪಂಚಾಯಿತಿಗೆ ಫಲಿತಾಂಶ ಕೊಡಲಿ. ವಿದ್ಯಾರ್ಥಿಗಳಿಗೆ ಪಾಠವೂ ಆಗುತ್ತದೆ, ಊರಿಗೆ ಉಪಕಾರವೂ ಆಗುತ್ತದೆ.

ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿ ಬಾವಿಯ ನೀರನ್ನು ಬಾಟಲಿಯಲ್ಲಿ ಹಿಡಿದುಕೊಂಡು ಹೋಗಿ ನಾನೇ ಪರೀಕ್ಷಿಸಿದೆ. ನೈಟ್ರೇಟ್ ಮಿತಿಯೊಳಗೇ ಇತ್ತು. ಅಜ್ಜಿಗೆ ಹೇಳಿದರೆ, ‘ನಂಗೆ ಗೊತ್ತಿರ್ಲಿಲ್ವಾ’ ಎಂದು ನಕ್ಕಳು. ನಾನು ಪರೀಕ್ಷಿಸಿದ್ದು ಬೇಸಿಗೆಯ ನೀರನ್ನು, ಮಳೆ ಬಿದ್ದು ಗೊಬ್ಬರ ಇಳಿದ ಮೇಲೆ ಮತ್ತೊಮ್ಮೆ ನೋಡಬೇಕು ಎಂದೆ. ‘ನೋಡವ್ವ, ನೋಡು’ ಎಂದಳು.

ನೆಟ್‌ಗೆ ಓದುತ್ತಿದ್ದೇನೆ. ಪಾಸಾದರೆ ಹಾಸನದ ಸುತ್ತಮುತ್ತಲೇ ಪಾಠ ಹೇಳುವ ಆಸೆಯಿದೆ. ಮೊದಲ ಪ್ರಾಕ್ಟಿಕಲ್‌ಗೆ ಮಕ್ಕಳಿಗೆ ಏನು ತರಲು ಹೇಳಬೇಕೆಂದು ಈಗಲೇ ತೀರ್ಮಾನಿಸಿಕೊಂಡಿದ್ದೇನೆ.