ಸ್ಟೇರಿಂಗ್ ಹಿಡಿದವರ ನಗು

ಹೋದ ವರ್ಷ ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ: ಟಿ.ವಿ.ಯ ಮೋಟಾರು ಕಾರ್ಯಕ್ರಮಗಳು ಮನರಂಜನೆ ಕೊಡಬೇಕೋ, ಮಾಹಿತಿ ಕೊಡಬೇಕೋ? ನಂದಿದುರ್ಗದ ಲೈನುಗಳಿಂದ ನಾವು ನಾಲ್ಕು ಜನ ಹೋಗಿದ್ದೆವು. ನಾಲ್ಕೂ ಮನೆ ಸೇರಿಸಿ ನಮ್ಮಲ್ಲಿರುವುದು ಒಂದು ಟಿವಿಎಸ್ ಎಕ್ಸ್‌ಎಲ್, ಎರಡು ಸೈಕಲ್ಲು. ನೋಟಿಸು ಬೋರ್ಡು ಓದಿ ನಮ್ಮಲ್ಲೊಬ್ಬ, "ಲೇ, ಕಾರೇ ಇಲ್ದೋರು ಇದರ ಮೇಲೆ ಏನ್ಲಾ ಮಾತಾಡೋದು?" ಅಂದ. ಇನ್ನೊಬ್ಬ, "ಕಾರಿನ ಕೆಳಗೆ ಬೀಳೋರು ನಾವೇ ತಾನೆ, ಮಾತಾಡೋ ಹಕ್ಕು ನಮಗೇ ಜಾಸ್ತಿ ಐತೆ" ಅಂದ. ನಕ್ಕೆವು. ವೇದಿಕೆ ಹತ್ತಿದೆವು. ಮೂರು ನಿಮಿಷಕ್ಕೆ ಗಂಟೆ ಬಾರಿಸಿ ಇಳಿಸಿದರು. ಬಹುಮಾನ ಬಂದಿದ್ದು ಇಂಗ್ಲಿಷು ಬೆರೆಸಿ ಮಾತಾಡಿದವರಿಗೆ. ಅದರ ಹೊಟ್ಟೆಕಿಚ್ಚು ನಮಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಗಂಟೆ ಬಾರಿಸಿದ ಮೇಲೂ ಬಾಯಲ್ಲೇ ಉಳಿದ ಮಾತು ಇತ್ತಲ್ಲ, ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಾಹಿತಿ ಬೇಕು ಎಂದವರು ಏನು ಕೇಳಿದರು? ಲೀಟರಿಗೆ ಎಷ್ಟು ಕೊಡುತ್ತದೆ, ಸೊನ್ನೆಯಿಂದ ನೂರು ಕಿಲೋಮೀಟರು ವೇಗಕ್ಕೆ ಎಷ್ಟು ಸೆಕೆಂಡು, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು, ತಿಂಗಳಿಗೆ ಕಂತು ಎಷ್ಟು. ಮನರಂಜನೆ ಬೇಕು ಎಂದವರು ಬಿಬಿಸಿಯ 'ಟಾಪ್ ಗೇರ್' ಹೆಸರು ಹೇಳಿದರು. ಆ ಕಾರ್ಯಕ್ರಮ 1977ರಲ್ಲಿ ಶುರುವಾದಾಗ ಸಾಧಾರಣವಾಗಿತ್ತಂತೆ: ಕಾರು ಕೊಳ್ಳುವವರಿಗೆ ಸಲಹೆ, ರಸ್ತೆ ಸುರಕ್ಷತೆ, ಅಷ್ಟೆ. 2002ರಲ್ಲಿ ಅದನ್ನು ತಿರುಗಿಸಿ ಕಟ್ಟಿದರು. ಮೂವರು ಗಂಡಸರು, ಸ್ಟುಡಿಯೋ ತುಂಬ ಜನ, ಓಟ, ತಮಾಷೆ, ಬೆಂಕಿ. ಪ್ರಪಂಚವೇ ನೋಡಿತು. ಮಾಹಿತಿ ಸೋತಿತು, ಮನರಂಜನೆ ಗೆದ್ದಿತು ಎಂದು ಆ ಹುಡುಗ ಮೇಜು ಕುಟ್ಟಿ ಹೇಳಿದ. ಆ ಕಾರ್ಯಕ್ರಮದ ನಿರೂಪಕರಲ್ಲೊಬ್ಬರು, ಇಂಗ್ಲೆಂಡಿನ ಕ್ರಿಕೆಟ್ಟಿಗ ಫ್ಲಿಂಟಾಫ್, 2022ರ ಡಿಸೆಂಬರಿನಲ್ಲಿ ಚಿತ್ರೀಕರಣ ಮಾಡುವಾಗಲೇ ಗಾಡಿ ಮಗುಚಿ ಮುಖ ಜಜ್ಜಿಕೊಂಡರು, ಮುಂದಿನ ವರ್ಷ ಬಿಬಿಸಿ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು ಎಂಬುದನ್ನು ಹೇಳುವುದು ಅವನಿಗೆ ಮರೆತುಹೋಯಿತು.

ಎರಡೂ ಕಡೆಯವರು ಒಂದೇ ಸೀಟಿನಲ್ಲಿ ಕೂತು ಮಾತಾಡುತ್ತಿದ್ದರು. ಡ್ರೈವರ್ ಸೀಟು ಕೂಡ ಅಲ್ಲ ಅದು, ಓನರ್ ಸೀಟು. ಆ ಸೀಟಿನಿಂದ ನೋಡಿದರೆ ಗಾಜಿನಾಚೆ ಇರುವವರೆಲ್ಲ ಒಂದೋ ಅಡ್ಡ ಬರುವವರು, ಇಲ್ಲವೇ ದೃಶ್ಯ.

ಅದೇ 'ಟಾಪ್ ಗೇರ್' ನಮ್ಮ ದೇಶಕ್ಕೂ ಬಂದಿತ್ತು. 2011ರ ಡಿಸೆಂಬರಿನಲ್ಲಿ ಭಾರತದ ವಿಶೇಷ ಕಂತು ಪ್ರಸಾರವಾಯಿತು. ಜೆರೆಮಿ ಕ್ಲಾರ್ಕ್‌ಸನ್ ಎಂಬ ನಿರೂಪಕ ಒಂದು ಜಾಗ್ವಾರ್ ಕಾರಿನ ಹಿಂಬದಿಗೆ ಕಕ್ಕಸಿನ ಕಮೋಡು ಕೂರಿಸಿಕೊಂಡು ತಿರುಗಿದ. ಈ ದೇಶಕ್ಕೆ ಬಂದವರಿಗೆ ಹೊಟ್ಟೆ ಕೆಡುತ್ತದಲ್ಲ, ಅದಕ್ಕೆ ಇದು ಅನುಕೂಲ ಎಂಬುದು ಜೋಕು. ಲಂಡನ್ನಿನ ಭಾರತ ಹೈಕಮಿಷನ್ನು 2012ರ ಜನವರಿಯಲ್ಲಿ ಬಿಬಿಸಿಗೆ ದೂರು ಬರೆಯಿತು. ಭಾರತಕ್ಕೆ ಅವಮಾನವಾಯಿತು ಎಂದು ಪತ್ರಿಕೆಗಳು ಕಿರುಚಿದವು. ಬಿಬಿಸಿ, ಅದರಲ್ಲಿ ಭಾರತೀಯರಿಗೆ ಅವಮಾನವಾಗುವಂಥದ್ದೇನೂ ಇಲ್ಲ ಎಂದು ಕೈತೊಳೆದುಕೊಂಡಿತು.

ಆಗ ನಾವು ಶಾಲೆಯ ಮಕ್ಕಳು. ಅದೇ 2011ರ ಅಕ್ಟೋಬರಿನಲ್ಲಿ ನಮ್ಮ ಕೆಜಿಎಫ್‌ನಲ್ಲಿ ಮಲದ ಗುಂಡಿಗೆ ಇಳಿದ ಮೂರು ಜನ ಸತ್ತಿದ್ದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕಾನೂನು 1993ರಲ್ಲೇ ಬಂದಿತ್ತು. ಹದಿನೆಂಟು ವರ್ಷ ಆದರೂ ಅದು ನಮ್ಮ ಲೈನಿನವರೆಗೆ ನಡೆದುಬಂದಿರಲಿಲ್ಲ. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಇದೇ ಕೆಜಿಎಫ್‌ನಲ್ಲಿ, ಈ ಕೆಲಸಕ್ಕೇ ತಳ್ಳಲ್ಪಟ್ಟ ಮನೆಯಲ್ಲಿ. ಇಲ್ಲಿನ ಒಣ ಕಕ್ಕಸುಗಳನ್ನು ಕಂಡೇ ಅವರ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು. ಈಗ ಹೇಳಿ ಗೆಳೆಯರೇ, ಕಾರಿನ ಮೇಲೆ ಕಮೋಡು ಕೂರಿಸಿದವನು ಅವಮಾನ ಮಾಡಿದ್ದು ಯಾರಿಗೆ? ಅವನ ನಗುವಿನ ವಿರುದ್ಧ ಎದ್ದ ಮಾನ, ಗುಂಡಿಯೊಳಗೆ ಉಸಿರು ಕಟ್ಟಿದಾಗ ಎಲ್ಲಿ ಮಲಗಿತ್ತು? ಬಿಳಿಯನೊಬ್ಬ ನಮ್ಮ ಕೊಳಕನ್ನು ಆಡಿಕೊಂಡರೆ ದೇಶದ ಮರ್ಯಾದೆ ಹೋಗುತ್ತದೆ. ಆ ಕೊಳಕನ್ನು ಕೈಯಲ್ಲಿ ಬಳಿದವನ ಹೆಣ ಎತ್ತಿದರೆ ಏನೂ ಹೋಗುವುದಿಲ್ಲ. ಹೀಗಾಗಿ ಆ ಜೋಕಿಗೆ ನಾವು ಸಿಟ್ಟಾಗುವುದು ಹೈಕಮಿಷನ್ನಿನ ಕಾರಣಕ್ಕಲ್ಲ.

ಮೋಟಾರು ಕಾರ್ಯಕ್ರಮಕ್ಕೂ ಜಾತಿಗೂ ಏನ್ರೀ ಸಂಬಂಧ, ಎಲ್ಲದಕ್ಕೂ ಜಾತಿ ತರ್ತೀರ ಎಂದು ಅಂದೂ ಒಬ್ಬರು ಗೊಣಗಿದರು. ಗಾಡಿಗೂ ಜಾತಿಗೂ ಇರುವ ಸಂಬಂಧವನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. 1901ರಲ್ಲಿ ಮಸೂರು ಎಂಬ ರೈಲು ನಿಲ್ದಾಣದಲ್ಲಿ ಇಳಿದ ಹುಡುಗ ಭೀಮರಾಯನಿಗೆ ಎತ್ತಿನ ಗಾಡಿ ಸಿಗಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕು, ಗಾಡಿಯವನು ಪಕ್ಕದಲ್ಲಿ ನಡೆಯುತ್ತಾನೆ ಎಂದು ಒಪ್ಪಂದವಾಯಿತು. 1929ರಲ್ಲಿ, ಆ ಹುಡುಗ ದೊಡ್ಡ ಬ್ಯಾರಿಸ್ಟರ್ ಆಗಿದ್ದಾಗ, ಚಾಳೀಸಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಗಾಡಿ ಕೊಡುತ್ತೇವೆ, ನಾವು ಹೊಡೆಯುವುದಿಲ್ಲ ಅಂದರು. ಕೇರಿಯವರು, ನಮ್ಮ ನಾಯಕರನ್ನು ನಡೆಸಿಕೊಂಡು ಹೋಗುವುದೇ ಎಂದು, ಗಾಡಿ ಹೊಡೆದು ಅಭ್ಯಾಸವಿಲ್ಲದ ತಮ್ಮವನನ್ನೇ ಕೂರಿಸಿದರು. ಮೋರಿಯ ಸೇತುವೆ ಮೇಲೆ ಗಾಲಿ ಕಲ್ಲುಗಳ ನಡುವೆ ಸಿಕ್ಕಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಇದಕ್ಕಿಂತ ದೊಡ್ಡ ರಸ್ತೆ ಅಪಘಾತದ ವರದಿ ನಮ್ಮ ದೇಶದಲ್ಲಿ ಯಾವುದಿದೆ? ಗಾಲಿ ಎಲ್ಲಿ ಸಿಕ್ಕಿಕೊಂಡಿತು ಎಂದು ಮೆಕ್ಯಾನಿಕ್ಕು ಹೇಳುತ್ತಾನೆ. ಗಾಡಿ ಹೊಡೆಯಲು ಬಾರದವನು ಯಾಕೆ ಕೂರಬೇಕಾಯಿತು ಎಂದು ಹೇಳುವವನು ಬೇಕು.

ಈಗ ಮಾಹಿತಿಯ ವಿಷಯಕ್ಕೆ ಬರೋಣ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಸರ್ಕಾರದ್ದೇ ಲೆಕ್ಕ. ಅದರಲ್ಲಿ ಬೈಕು, ಸ್ಕೂಟರು, ಮೊಪೆಡ್ಡಿನವರು ನೂರಕ್ಕೆ 44. ನಡೆದು ಹೋಗುತ್ತಿದ್ದವರು ನೂರಕ್ಕೆ 19ಕ್ಕೂ ಮೇಲೆ, ಅಂದರೆ 32 ಸಾವಿರಕ್ಕೂ ಹೆಚ್ಚು ಜನ. ಕಾರು, ಟ್ಯಾಕ್ಸಿ, ವ್ಯಾನುಗಳ ಒಳಗಿದ್ದವರು ನೂರಕ್ಕೆ ಹದಿಮೂರು ಕೂಡ ಮುಟ್ಟುವುದಿಲ್ಲ. ಟಿ.ವಿ.ಯಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಅರ್ಧ ಗಂಟೆಯಲ್ಲಿ ಇಪ್ಪತ್ತೈದು ನಿಮಿಷ ಕಾರು, ಉಳಿದದ್ದು ಲಕ್ಷಗಟ್ಟಲೆ ಬೆಲೆಯ ಬೈಕು, ನಡುವೆ ಅದೇ ಕಾರಿನ ಜಾಹೀರಾತು. ಗದ್ದೆಗೆ ಗೊಬ್ಬರ ಹೊರುವ ಎಕ್ಸ್‌ಎಲ್ ಮೊಪೆಡ್ಡಿನ ಬ್ರೇಕು ಮಳೆಯಲ್ಲಿ ಹೇಗೆ ಹಿಡಿಯುತ್ತದೆ ಎಂದು ಯಾರು ಪರೀಕ್ಷೆ ಮಾಡಿ ತೋರಿಸಿದ್ದಾರೆ? ಸಂತೆ ಮುಗಿಸಿ ಮೂವತ್ತು ಹೆಂಗಸರು ನಿಂತುಕೊಂಡು ಬರುವ ಟೆಂಪೊ ತಿರುವಿನಲ್ಲಿ ಯಾಕೆ ಮಗುಚುತ್ತದೆ ಎಂದು ಯಾರು ಹೇಳಿದ್ದಾರೆ?

ಮಾಹಿತಿಯೇ ಬೇಡ ಎನ್ನುವ ಹುಂಬರು ನಾವಲ್ಲ. ಒಂದು ಒಳ್ಳೆಯ ಮಾಹಿತಿ ಏನು ಮಾಡುತ್ತದೆ ನೋಡಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳ ಕಡಿಮೆ ಬೆಲೆಯ ಮಾದರಿಗಳನ್ನು ಗೋಡೆಗೆ ಗುದ್ದಿಸಿ ನೋಡಿತು. ಆಲ್ಟೊ, ನ್ಯಾನೊ, ಫಿಗೊ, ಐ10, ಪೋಲೊ. ಏರ್‌ಬ್ಯಾಗ್ ಇಲ್ಲದ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ. ಆ ಸೊನ್ನೆಯನ್ನು ಜನ ಕಣ್ಣಾರೆ ಕಂಡ ಮೇಲೆ ಏರ್‌ಬ್ಯಾಗಿನ ಮಾತು ಬೀದಿಗೆ ಬಂತು; 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಯಿತು. ಸರಿ. ಇದು ಮೆಚ್ಚಬೇಕಾದ ಕೆಲಸ. ಆದರೆ ಅಲ್ಲಿಯೂ ಗೊಂಬೆ ಕೂತಿರುವುದು ಕಾರಿನೊಳಗೆ ತಾನೆ?

ನಮ್ಮ ಲೈನಿನ ಒಬ್ಬ ಹಿರಿಯರ ವಿಷಯ ಹೇಳಬೇಕು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದಾಗ ಕೆಲಸ ಕಳೆದುಕೊಂಡವರಲ್ಲಿ ಅವರೂ ಒಬ್ಬರು. ಆಮೇಲೆ ನಮ್ಮೂರಿನ ಸಾವಿರಾರು ಜನರ ಹಾಗೆ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ ವಾಚ್‌ಮನ್ ಕೆಲಸ ಮಾಡಿದರು. 2022ರ ಜುಲೈನ ಒಂದು ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿ ಬಂಗಾರಪೇಟೆಯಲ್ಲಿ ಇಳಿದು ನೆಂಟರ ಮನೆಗೆ ನಡೆದು ಹೋಗುವಾಗ ಯಾವುದೋ ಗಾಡಿ ಗುದ್ದಿ ಓಡಿಹೋಯಿತು. ಗಾಡಿ ಸಿಗಲಿಲ್ಲ. ನಂಬರು ಗೊತ್ತಿಲ್ಲದ ಮೇಲೆ ಏನೂ ಸಿಗಲ್ಲಮ್ಮ ಅಂತ ಯಾರೋ ಹೇಳಿದರು. ಆ ತಾಯಿ ನಂಬಿದಳು. ಮಣ್ಣು ಮಾಡಲು ಮಾಡಿದ ಸಾಲಕ್ಕೆ ಎರಡು ವರ್ಷ ಬಡ್ಡಿ ಕಟ್ಟಿದಳು.

ಆದರೆ ಆ ಸಾವಿಗೆ ಮೂರು ತಿಂಗಳು ಮೊದಲೇ, 2022ರ ಏಪ್ರಿಲ್ 1ರಿಂದ, ಗುದ್ದಿ ಓಡಿಹೋದ ಪ್ರಕರಣಗಳ ಪರಿಹಾರಕ್ಕೆ ಹೊಸ ಯೋಜನೆ ಜಾರಿಯಾಗಿತ್ತು. ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ. ಅದಕ್ಕೆ ಮುಂಚೆ 25 ಸಾವಿರ, ಹನ್ನೆರಡೂವರೆ ಸಾವಿರ ಇತ್ತು. ಗಾಡಿ ನಂಬರು ಗೊತ್ತಿಲ್ಲದವರಿಗಾಗಿಯೇ ಮಾಡಿದ ಯೋಜನೆ ಅದು! ಅರ್ಜಿ ಹಾಕುವವರೇ ಕಡಿಮೆ ಎಂದು ಸುಪ್ರೀಂ ಕೋರ್ಟು ಕೂಡ 2024ರ ಜನವರಿಯಲ್ಲಿ ಬೇಸರಪಟ್ಟು, ಒಂದು ತಿಂಗಳೊಳಗೆ ಗಾಡಿ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಪೊಲೀಸರೇ ಬರವಣಿಗೆಯಲ್ಲಿ ತಿಳಿಸಬೇಕು ಎಂದು ಹೇಳಿತು. ನಮಗೆ ಇದು ಗೊತ್ತಾದದ್ದು ರೈಲಿನಲ್ಲಿ ಯಾರೋ ಬಿಟ್ಟುಹೋದ ಪೇಪರಿನಿಂದ. ಬಿ.ಎ. ಓದಿದ ನಾವು ಅವರ ಪಕ್ಕದ ಮನೆಯಲ್ಲೇ ಇದ್ದೆವು. ಕಾರುಗಳ ಹೆಸರು ನಮಗೂ ಬಾಯಿಪಾಠ ಇತ್ತು. ಈ ಯೋಜನೆಯ ಹೆಸರು ಗೊತ್ತಿರಲಿಲ್ಲ. ನಾಚಿಕೆಯಾಗುತ್ತದೆ.

ಇನ್ನು ಮನರಂಜನೆ. ನಮ್ಮ ಸೈನೈಡ್ ಗುಡ್ಡಗಳಿಗೆ ಸಿನಿಮಾದವರು ಬರುವುದು ಹಳೆಯ ಮಾತು. ಈಗ ಜೀಪು, ಬೈಕು ತಂದು, ಧೂಳೆಬ್ಬಿಸಿ, ವಿಡಿಯೊ ಮಾಡುವವರೂ ಬರುತ್ತಾರೆ. ನೋಡಲು ಮರುಭೂಮಿಯಂತೆ ಚೆಂದ ಕಾಣುತ್ತದಂತೆ. ಅದು ಮರುಭೂಮಿಯಲ್ಲ ಸ್ವಾಮಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ನಮ್ಮ ತಾತಂದಿರು ನೆಲದಡಿಯಿಂದ ಹೊತ್ತು ತಂದ ಕಲ್ಲನ್ನು ಪುಡಿ ಮಾಡಿ, ಸೈನೈಡಿನಲ್ಲಿ ಚಿನ್ನ ಬಸಿದುಕೊಂಡು ಚೆಲ್ಲಿದ ಕಸ. ಆಷಾಢದ ಗಾಳಿಗೆ ಅದು ಎದ್ದು ನಮ್ಮ ಅನ್ನದ ತಟ್ಟೆಗೆ ಬೀಳುತ್ತದೆ. ಅದರ ಮೇಲೆ ಗಾಲಿ ತಿರುಗಿಸಿ ನಗುವವನು ಕೆಟ್ಟವನೇನಲ್ಲ, ಅವನಿಗೆ ಯಾರೂ ಹೇಳಿಲ್ಲ. 2024ರ ಕೊನೆಗೆ ನಮ್ಮ ತಾಲ್ಲೂಕುಗಳ ಹೊಲ ಸೀಳಿಕೊಂಡು ಚೆನ್ನೈ ಎಕ್ಸ್‌ಪ್ರೆಸ್ ವೇಯ ನಮ್ಮ ರಾಜ್ಯದ ಭಾಗ ತೆರೆದಾಗಲೂ ಹೀಗೇ ಆಯಿತು. ಕ್ಯಾಮರಾ ಹಿಡಿದವರು ಮೊದಲು ಬಂದರು. ಎಷ್ಟು ನಿಮಿಷಕ್ಕೆ ಬೆಂಗಳೂರು ಅಂತ ತೋರಿಸಿದರು. ಬೈಕಿಗೆ ಅಲ್ಲಿ ಪ್ರವೇಶವಿಲ್ಲ. ಹೊಲ ಆಚೆ, ಮನೆ ಈಚೆ ಆದವನು ಎಷ್ಟು ನಿಮಿಷ ಸುತ್ತಬೇಕು ಎಂಬುದಕ್ಕೆ ಗಡಿಯಾರ ಹಿಡಿದವರಿಲ್ಲ.

ಹಾಗೆಂದು ನಗುವೇ ಬೇಡ, ಭಾಷಣ ಹಾಕಿ ಎನ್ನುತ್ತೇವೆಯೇ? ಖಂಡಿತ ಇಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಸಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಕಡೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಹೇಳಿಕೊಡುವ ಟಿ.ವಿ. ಅದು. ಒಳ್ಳೆಯ ಉದ್ದೇಶವೇ. ಆದರೆ ಮೇಲಿನಿಂದ ಬುದ್ಧಿ ಹೇಳುವ ದನಿಗೂ ಮೇಲಿನಿಂದ ಗೇಲಿ ಮಾಡುವ ದನಿಗೂ ಕೆಳಗೆ ಕೂತವನ ಕಿವಿಯಲ್ಲಿ ಬಹಳ ವ್ಯತ್ಯಾಸವಿಲ್ಲ.

ನಗುವುದು ನಮ್ಮ ತಾತಂದಿರಿಗೆ ಗೊತ್ತಿತ್ತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದು ಗಣಿ ಸೇರಿದ ಮನೆತನಗಳು ನಮ್ಮವು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಕಥೆ ಎಂದರೆ ಕೇಜಿನ ಕಥೆ. ಮನುಷ್ಯರನ್ನು ತುಂಬಿಕೊಂಡು ಶಾಫ್ಟಿನೊಳಗೆ ಇಳಿಯುವ ಕೇಜೇ ನಮ್ಮ ವಾಹನ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಹೊಸ ಹುಡುಗ ಮೊದಲ ಸಲ ಇಳಿಯುವಾಗ ಹೊಟ್ಟೆ ಬಾಯಿಗೆ ಬಂದು ಕಣ್ಣುಮುಚ್ಚಿದರೆ, "ಏನಪ್ಪಾ, ಊರು ಬಂದ ಮೇಲೆ ಎಬ್ಬಿಸೋದಾ?" ಅಂತ ಕೇಳುತ್ತಿದ್ದರಂತೆ. ಎಲ್ಲರೂ ನಗುತ್ತಿದ್ದರಂತೆ, ಕಣ್ಣು ಮುಚ್ಚಿದವನೂ. ಆ ಕೇಜು ಓಡಿಸುವ ಡ್ರೈವರ್ ಮೇಲೆ ಎಂಜಿನ್ ಮನೆಯಲ್ಲಿ ಕೂತಿರುತ್ತಿದ್ದ. ಒಳಗಿರುವವರನ್ನು ಅವನು ಕಾಣುತ್ತಿರಲಿಲ್ಲ. ಕೆಳಗಿನಿಂದ ಎಷ್ಟು ಗಂಟೆ ಬಾರಿಸಿದರು ಎಂದು ಕಿವಿಗೊಟ್ಟು ಕೇಳಿ, ಅದರಂತೆ ಹಗ್ಗ ಬಿಡಬೇಕು, ನಿಲ್ಲಿಸಬೇಕು. ಇಂಥದೊಂದು ಗಾಡಿಯ ಕಾರ್ಯಕ್ರಮ ಮಾಡಿ ನೋಡೋಣ. ನಮ್ಮ ಬೆಮೆಲ್ ಕಾರ್ಖಾನೆಯ ಬುಲ್ಡೋಜರನ್ನು ಕಟ್ಟುವ ಕೈಗಳನ್ನು ತೋರಿಸಿ. ಹೊಸೂರು ಹೆದ್ದಾರಿಯಲ್ಲಿ ಮೂರು ರಾತ್ರಿ ನಿದ್ದೆಯಿಲ್ಲದ ಲಾರಿ ಡ್ರೈವರನ್ನು ಕೂರಿಸಿ ಮಾತಾಡಿಸಿ. ಕ್ಲೀನರ್ ಹುಡುಗನ ಜೋಕು ಕೇಳಿ. ನಿಮ್ಮ ಮೂವರು ಗಂಡಸರಿಗಿಂತ ಅವನು ಚೆನ್ನಾಗಿ ನಗಿಸುತ್ತಾನೆ, ಮಾಹಿತಿಯೂ ಅವನ ಬಾಯಲ್ಲೇ ಬರುತ್ತದೆ.

ಅಂಥ ಕಾರ್ಯಕ್ರಮ ಬರುವವರೆಗೆ ಕಾಯುತ್ತ ಕೂರುವುದು ಬೇಡ. ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲ್ಲಿನ ಗೆಳೆಯರೇ, ಗುದ್ದಿ ಓಡಿಹೋದ ಗಾಡಿಯ ಪರಿಹಾರದ ಅರ್ಜಿಯನ್ನು ಉಪವಿಭಾಗಾಧಿಕಾರಿ ಇಲ್ಲವೇ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ ಕೊಡಬೇಕು. ಎಫ್‌ಐಆರ್ ನಕಲು, ಶವಪರೀಕ್ಷೆಯ ವರದಿ, ವಾರಸುದಾರರ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಇಟ್ಟುಕೊಳ್ಳಿ. ಇದನ್ನು ದೊಡ್ಡಕ್ಷರದಲ್ಲಿ ಬರೆದು ಶಾಲೆಯ ಗೋಡೆಗೆ, ಬಸ್ ಸ್ಟಾಂಡಿನ ಟೀ ಅಂಗಡಿಗೆ ಅಂಟಿಸಿ. ನಮ್ಮ ಲೈನಿನ ಆ ತಾಯಿಯ ಅರ್ಜಿಯನ್ನು ನಾವು ಬರೆದುಕೊಟ್ಟಿದ್ದೇವೆ. ಹೆಬ್ಬೆಟ್ಟು ಒತ್ತುವ ಮುಂಚೆ ಆಕೆ ಇಡೀ ಕಾಗದವನ್ನು ಎರಡು ಸಲ ಓದಿಸಿಕೊಂಡು, "ಮನೇಲಿ ಟೀವಿ ದಿನಾ ಓಡ್ತಾ ಇತ್ತಲ್ಲಪ್ಪಾ" ಅಂದಳು.