ಹಸೆ ಚಿತ್ತಾರಕ್ಕೆ ಒಂದು ಗೋಡೆ ಕೊಡಿ

ನಮ್ಮ ಸಾಗರದ ಕಡೆ ದೀವರ ಮನೆಗಳಲ್ಲಿ ಮದುವೆ ಎಂದರೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅದರ ಮುಂದೆಯೇ ಮದುಮಕ್ಕಳನ್ನು ಕೂರಿಸುವುದು. ಕೆಮ್ಮಣ್ಣು ಬಳಿದ ಗೋಡೆಗೆ ಅರೆದ ಅಕ್ಕಿಯಿಂದ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಬ್ರಶ್ ಅಂದರೆ ಪುಂಡಿ ನಾರು. ನಮ್ಮ ಅಜ್ಜಿ ಎಳೆದಷ್ಟು ನೇರ ಗೆರೆ ನನಗೆ ಸ್ಕೇಲ್ ಇಟ್ಟರೂ ಬರಲ್ಲ.

ಹೋದ ವರ್ಷ ಅಕ್ಕನ ಮದುವೆಗೆ ಅಪ್ಪ ಮನೆಗೆಲ್ಲ ಪೇಂಟ್ ಹೊಡೆಸಿದರು. "ಅವ್ವಾ, ಹೊಸ ಗೋಡೆ ಹಾಳಾಗುತ್ತೆ, ಬರೀಬೇಡ" ಅಂದರು. ಅಜ್ಜಿ ಏನೂ ಮಾತಾಡದೆ ರಟ್ಟಿನ ಮೇಲೆ ಬರೆದರು. ಮದುವೆ ಮುಗಿದ ಮೇಲೆ ಅದು ಅಟ್ಟಕ್ಕೆ ಹೋಯಿತು. ಆಮೇಲೆ ಬೆಂಗಳೂರಿನ ಚಿಕ್ಕಪ್ಪ ಅದನ್ನು ಒಯ್ದು, ಗಾಜು ಹಾಕಿಸಿ, ಹಾಲ್‌ನಲ್ಲಿ ತೂಗುಹಾಕಿದರು. ಅದರ ಫೋಟೋ ನೋಡಿ ಅಪ್ಪನೇ "ಎಷ್ಟು ಚೆನ್ನಾಗಿದೆ" ಅಂದರು! ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಿದ್ದಾಗ ಚೆನ್ನಾಗಿರಲಿಲ್ಲವೇ?

ಪೇಟೆಯವರು ಗಾಜು ಹಾಕಿಸಿ ಇಟ್ಟುಕೊಳ್ಳುವುದು ತಪ್ಪಲ್ಲ. ರಟ್ಟಿನ ಮೇಲೆ ಬರೆದು ಮಾರಿದರೆ ಬರೆದವರಿಗೂ ನಾಲ್ಕು ಕಾಸು ಸಿಗುತ್ತದೆ. ಆದರೆ ಊರಲ್ಲಿ ಗೋಡೆಯೇ ಇಲ್ಲದಿದ್ದರೆ ನಾವು ನೋಡಿ ಕಲಿಯೋದು ಎಲ್ಲಿ? ಅಜ್ಜಿಗೆ ಈಗ ಕಣ್ಣು ಮಂಜಾಗುತ್ತಿದೆ.

ಈ ಗೋಡೆ ಪತ್ರಿಕೆಯ ಪಕ್ಕದ ಗೋಡೆ ಖಾಲಿಯೇ ಇದೆ. ಗುರುಗಳು ಒಪ್ಪಿದರೆ ಅಜ್ಜಿ ಬಂದು ತೋರಿಸಿಕೊಡುತ್ತೇನೆ ಅಂದಿದ್ದಾರೆ. ಕೆಮ್ಮಣ್ಣು ನಾನು ತರುತ್ತೇನೆ. ಪುಂಡಿ ನಾರು ಯಾರ ಮನೆಯಲ್ಲಿದೆ, ಹೇಳಿ.

– 7ನೇ ತರಗತಿ ವಿದ್ಯಾರ್ಥಿನಿ